ಕೊನೆಯ ಕೆಂಪು

“ಕೆಂಪೆಲ್ಲ ಹಸಿರಾದ ದಿನ ನಿನಗೊಂದು ಮಾತು ಹೇಳ್ತೀನಿ” ಅಂದಿದ್ದ ಟಪಟಪ.

ಕೀಬೋರ್ಡಿನ ಮೇಲೆ ಅವನ ಬೆರಳು ಮಾಡುವ ಗಲಾಟೆಗೆ ಅವಳೇ ಇಟ್ಟ ಹೆಸರು ಅದು. ಊರವರ ತಪ್ಪನ್ನೆಲ್ಲ ಹುಡುಕಿ ತಿದ್ದುವ ಅವಳಿಗೆ ಅವನಿಟ್ಟ ಹೆಸರು ಮೇಷ್ಟ್ರು. ಆಫೀಸಿನಲ್ಲಿ ಇಬ್ಬರ ಮೇಜೂ ಎದುರುಬದುರು. ನಡುವೆ ಎರಡು ಮಾನಿಟರ್, ಅವುಗಳ ಸಂದಿಯಲ್ಲಿ ಅವನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಅವಳ ಕೆಲಸ ಕೆಡಿಸಲು ಆ ಒಂದು ಕಣ್ಣೇ ಸಾಕಿತ್ತು.

“ಹೇಳೋದಿದ್ರೆ ಈಗಲೇ ಹೇಳು.”

“ಊಹೂಂ. ಮೊದಲು ಗೋಡೆ ನೋಡು.”

ಗೋಡೆಯ ದೊಡ್ಡ ಪರದೆ ಕೆಂಪೋ ಕೆಂಪು. ಅವರು ಬಳಸುವ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬಂದಿತ್ತು. ಹಳೆಯ ಸೌಲಭ್ಯಗಳೆಷ್ಟನ್ನೋ ಅದರಲ್ಲಿ ಕಿತ್ತುಹಾಕಿದ್ದರು. ಅವನ್ನೇ ನೆಚ್ಚಿಕೊಂಡಿದ್ದ ಪ್ಯಾಕೇಜ್‌ಗಳು, ಅಂದರೆ ಸಣ್ಣಪುಟ್ಟ ತಂತ್ರಾಂಶಗಳು, ಬಿಲ್ಡ್ ಆಗದೆ ಸಾಲಾಗಿ ಮುಗ್ಗರಿಸಿದ್ದವು, ಒಂದೊಂದಕ್ಕೂ ಒಂದು ಕೆಂಪು. ಒಬ್ಬರು ರಿಪೇರಿ ಮಾಡಬೇಕು, ಇನ್ನೊಬ್ಬರು ಅದನ್ನು ಸಾಲು ಸಾಲಾಗಿ ಓದಿ ‘ನೋಡಿದ್ದೇನೆ’ ಎಂದು ಒತ್ತಬೇಕು. ಆಮೇಲೆ ತಪ್ಪು ಹಿಡಿಯುವ ಟೆಸ್ಟ್‌ಗಳೆಲ್ಲ ಪಾಸಾಗಿ ಬಿಲ್ಡ್ ಮುಗಿದರೆ ಹಸಿರು. ಅಲ್ಲಿಯ ನಿಯಮ ಅಷ್ಟೇ.

ಒಂದೊಂದು ಕೆಂಪು ಕಳೆದಾಗಲೂ ಆ ಕಣ್ಣು ಸಂದಿಯಲ್ಲಿ ಮಿಟುಕುತ್ತಿತ್ತು. ಅವಳು ಕಾಣದವಳ ಹಾಗೆ ತಲೆ ತಗ್ಗಿಸಿ, ತುಟಿ ಕಚ್ಚಿ, ಇನ್ನೊಂದು ಪ್ಯಾಕೇಜ್ ಎಳೆದುಕೊಳ್ಳುತ್ತಿದ್ದಳು. ಅವಳು ಅಷ್ಟು ಚುರುಕಾಗಿ ದುಡಿದದ್ದನ್ನು ಆ ಆಫೀಸು ಹಿಂದೆಂದೂ ಕಂಡಿರಲಿಲ್ಲ.

ಕೊನೆಗೆ ಉಳಿದದ್ದು ಅವಳದೇ ಪ್ಯಾಕೇಜ್. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ದೃಷ್ಟಿ ಕಳೆದುಕೊಂಡ ಅಪ್ಪನಿಗಾಗಿ ಶುರು ಮಾಡಿದ್ದು, ಈಗ ಎಷ್ಟೋ ಮನೆಗಳಲ್ಲಿ ಮಾತಾಡುತ್ತಿತ್ತು.

“ಇದನ್ನ ನನಗೆ ಬಿಡು. ನಿನ್ನ ಕೂಸನ್ನ ನಾನು ಕೈಬಿಡ್ತೀನಾ?” ಅಂದ.

ಮರುದಿನ ಮಧ್ಯಾಹ್ನ ಅವನ ರಿಪೇರಿ ಬಂತು. ಅವಳ ಕುರ್ಚಿಯ ಬೆನ್ನಿಗೆ ಕೈಯೂರಿ ಅವನೇ ಬಂದು ನಿಂತ. ಅವನ ಉಸಿರು ಅವಳ ಕಿವಿಯ ಹತ್ತಿರವಿತ್ತು. ಅವನ ಕೆಲಸ ತಾನೇ, ಓದುವುದೇನು? ಒತ್ತಿಬಿಟ್ಟಳು. ಕಾದರು. ಗೋಡೆ ಪೂರ್ತಿ ಹಸಿರಾಯಿತು.

ಮೆಟ್ಟಿಲ ತಿರುವಿನಲ್ಲಿ, ಯಾರೂ ಇಲ್ಲದ ಕಡೆ, ಅವನು ಹೇಳಿದ. “ನಿನ್ನ ಬಿಟ್ಟು ಇರೋಕೆ ನನ್ನ ಕೈಲಾಗಲ್ಲ. ಅಷ್ಟೇ.”

“ಇಷ್ಟಕ್ಕೆ ಇಷ್ಟು ದಿನ ಸತಾಯಿಸಿದ್ಯಾ?”

“ಉತ್ತರ?”

“ಹೂಂ.”

“ಹೂಂ ಅಂದ್ರೆ?”

“ಹೂಂ ಅಂದ್ರೆ ಹೂಂ ಕಣೋ. ಅದಕ್ಕೂ ಟೆಸ್ಟ್ ಬರೀಬೇಕಾ?”

ಇಬ್ಬರೂ ನಕ್ಕರು. ಅವನ ನಗು ಒಂದು ಚೂರು ಬೇಗ ನಿಂತಿತು. ನಾಚಿಕೆ ಇರಬೇಕು ಅಂದುಕೊಂಡಳು ಹುಚ್ಚಿ.

ರಜೆಯ ದಿನ ತರಕಾರಿ ಚೀಲ ಹಿಡಿದು ಮನೆಗೆ ಬಂದರೆ ಅಪ್ಪ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಹಣೆ ಬಾತಿತ್ತು.

“ಗಾಬರಿಯಾಗ್ಬೇಡ ಮಗಳೇ. ತಲೆ ಗಿರ್ ಅಂತು, ಅಷ್ಟರಲ್ಲಿ ಬಾಗಿಲು ಅಡ್ಡ ಬಂತು.”

“ಮಾತ್ರೆ ಎಷ್ಟು ತಗೊಂಡೆ ಅಪ್ಪಾ?”

“ಒಂದು. ಡಾಕ್ಟ್ರು ಹೊಸದಾಗಿ ಕಳ್ಸಿದ್ದನ್ನ ನಿನ್ನ ಮಷೀನೇ ಓದ್ತಲ್ಲ, ಬೆಳಿಗ್ಗೆ ಮಾತ್ರೆ ಅಂತ.”

ಅವಳು ಪರದೆ ನೋಡಿದಳು. ‘ಬೆಳಿಗ್ಗೆ ½ ಮಾತ್ರೆ’ ಎಂದಿತ್ತು. ಹೊಸದಾಗಿ ಅಪ್‌ಡೇಟ್ ಆದ ಮಷೀನು ಆ ಅರ್ಧವನ್ನು ಗುಳುಂ ಮಾಡಿತ್ತು.

ಡಾಕ್ಟರು ಫೋನಿನಲ್ಲಿ ಭಯವಿಲ್ಲ, ಮಲಗಿರಲಿ ಅಂದರು. ಅಪ್ಪನನ್ನು ಮಲಗಿಸಿ, ಟಪಟಪನ ರಿಪೇರಿ ತೆರೆದು ಮೊದಲ ಸಲ ಓದಿದಳು. ರಿಪೇರಿ ಎಲ್ಲಿತ್ತು? ಫೇಲಾಗುತ್ತಿದ್ದ ಟೆಸ್ಟ್‌ಗಳು ನಡೆಯದಂತೆ ಅವುಗಳ ಬಾಯಿಯನ್ನಷ್ಟೇ ಕಟ್ಟಿದ್ದ. ಅರ್ಧದ ಗುರುತನ್ನು ಸರಿಯಾಗಿ ಓದುತ್ತದೆಯೇ ಎಂದು ನೋಡುವ ಟೆಸ್ಟೂ ಅವುಗಳಲ್ಲಿತ್ತು. ಅಪ್ಪನ ಮಾತ್ರೆಗೆಂದೇ ಅವಳು ಬರೆದದ್ದು. ಕೆಳಗೆ ಅವಳ ಹೆಸರಿನಲ್ಲಿ ‘ನೋಡಿದ್ದೇನೆ’.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವನು ಮೋಸ ಮಾಡಿದ್ದು ಅಲ್ಲದೆ, ಅದಕ್ಕೆ ಅವಳ ಕೈಯಿಂದಲೇ ಮುದ್ರೆ ಒತ್ತಿಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲ ತಿರುವು.

“ಯಾಕೆ ಮಾಡಿದೆ?”

ಅವನು ಸುಳ್ಳು ಹೇಳಲಿಲ್ಲ. “ಹಸಿರು ಬೇಗ ಬರ್ಲಿ ಅಂತ. ನಿನಗೆ ಹೇಳೋ ದಿನ ಬೇಗ ಬರ್ಲಿ ಅಂತ. ಆಮೇಲೆ ಕೂತು ಸರಿ ಮಾಡಿದ್ರಾಯ್ತು ಅಂದ್ಕೊಂಡೆ. ಅರ್ಧದ ಗುರುತೆಲ್ಲ ಯಾರು ಬಳಸ್ತಾರೆ ಅನ್ನಿಸ್ತು.”

“ನಮ್ಮಪ್ಪ. ತಲೆತಿರುಗಿ ಬಿದ್ದು ಹಣೆ ಊದಿಸ್ಕೊಂಡಿದ್ದಾರೆ.”

ಅವನ ಮುಖದ ಬಣ್ಣ ಇಳಿಯಿತು. ಏನೋ ಹೇಳಲು ಬಾಯಿ ತೆರೆದ.

“ಬೇಡ. ‘ಇನ್ನೂ ಕೆಂಪಿದೆ, ಆದ್ರೂ ಹೇಳ್ತೀನಿ’ ಅಂತ ನೀನು ಅಂದಿದ್ರೂ ನಾನು ಹೂಂ ಅಂತಿದ್ದೆ ಕಣೋ. ಗೋಡೆ ತುಂಬ ಕೆಂಪಿದ್ದಾಗಲೇ ಅನ್ನೋಕೆ ಕಾದಿದ್ದೆ. ನೀನು ನನ್ನನ್ನ ಅಷ್ಟೂ ನಂಬ್ಲಿಲ್ಲ.”

ಅವನು ಕೆಳಗಿಳಿದು ಹೋಗಿ ತನ್ನ ಜಾಗದಲ್ಲಿ ಕೂತ. ಬಾಯಿ ಕಟ್ಟಿದ್ದ ಟೆಸ್ಟ್‌ಗಳನ್ನೆಲ್ಲ ಬಿಚ್ಚಿದ. ಗೋಡೆಯ ಮೇಲೆ ಕೆಂಪು ಮತ್ತೆ ಹತ್ತಿಕೊಂಡಾಗ ಇಡೀ ಕೋಣೆ ತಿರುಗಿ ನೋಡಿತು. ಅವನು ಎದ್ದು ನಿಂತು, “ಅದು ನಾನು ಮಾಡಿದ್ದು. ಟೆಸ್ಟ್ ಮುಚ್ಚಿಟ್ಟಿದ್ದೆ. ಬಿಡುಗಡೆ ಮಾಡಿದ್ದನ್ನ ವಾಪಸ್ ತಗೋಬೇಕು” ಅಂದ. ಮ್ಯಾನೇಜರ್ ಎಲ್ಲರೆದುರೇ ಅವನ ನೀರಿಳಿಸಿದರು.

ನಿಜವಾದ ರಿಪೇರಿ ಬರಲು ದಿನಗಳೇ ಹಿಡಿದವು. ಬಂದಾಗ ಅವಳು ಸಾಲು ಬಿಡದೆ ಓದಿದಳು. ಕಾಲು ಭಾಗದ ಗುರುತು ತಪ್ಪಿಹೋಗಿತ್ತು, ಹಿಂದಕ್ಕೆ ಕಳಿಸಿದಳು. ತಿದ್ದಿ ಕಳಿಸಿದ. ಮತ್ತೆ ಮೊದಲಿಂದ ಓದಿ ಒತ್ತಿದಳು. ಗೋಡೆ ಹಸಿರಾಯಿತು. ಸಂದಿಯಲ್ಲಿ ಆ ಕಣ್ಣು ಮಿಟುಕಲಿಲ್ಲ.

ಹೊರಡುವಾಗ ಬಾಗಿಲ ಬಳಿ ಅವನು ಕಾದಿದ್ದ. “ಮೇಷ್ಟ್ರೇ, ಅವತ್ತಿನ ಆ ಹೂಂ…”

“ಅದು ಓದದೇ ಒತ್ತಿದ್ದು. ವಾಪಸ್ ತಗೊಂಡಿದ್ದೀನಿ.”

ಅವನು ತಲೆಯಾಡಿಸಿದ. “ಮತ್ತೆ ಯಾವತ್ತಾದ್ರೂ ಕೇಳ್ಬಹುದಾ?”

ಈಗಲೂ ಅವನೆಂದರೆ ಅವಳಿಗೆ ಪ್ರಾಣ. ಅದೇ ಅವಳ ಸಂಕಟ. “ಕೇಳ್ಬೇಡ ಅನ್ನೋಕೆ ಬಾಯಿ ಬರ್ತಿಲ್ಲ” ಅಂದಳು. “ಕೇಳಿದ್ರೆ ಏನಂತೀನೋ ಅದೂ ಗೊತ್ತಿಲ್ಲ.” ಹಿಂದಿರುಗಿ ನೋಡದೆ ನಡೆದಳು.

ಮರುದಿನ ಬೆಳಿಗ್ಗೆ ಅಪ್ಪನ ಕೋಣೆಯಲ್ಲಿ ಮಷೀನು ಸ್ಪಷ್ಟವಾಗಿ ಓದಿತು: ಬೆಳಿಗ್ಗೆ ಅರ್ಧ ಮಾತ್ರೆ.

“ನಿನ್ನ ಟಪಟಪ ಸರಿ ಮಾಡಿದ್ನಾ?”

“ಮಾಡಿದ ಅಪ್ಪಾ.”

“ಮತ್ತೆ ಯಾಕೆ ಅಳ್ತಿದ್ದೀಯ?”

ಅವಳು ಬಿಕ್ಕಿರಲೂ ಇಲ್ಲ, ಆದರೂ ಅಪ್ಪನಿಗೆ ಹೇಗೋ ತಿಳಿದಿತ್ತು. “ಮಷೀನು ಸರಿಹೋಯ್ತು, ಅಷ್ಟೇ ಅಪ್ಪಾ” ಅಂದಳು. ಮಾತ್ರೆಯನ್ನು ಎರಡಾಗಿ ಮುರಿದು ಒಂದು ಚೂರನ್ನು ಅಪ್ಪನ ಅಂಗೈಯಲ್ಲಿಟ್ಟಳು. ಇನ್ನೊಂದು ಚೂರನ್ನು ಎಸೆಯದೆ, ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದಳು.