ಎಲೆ ಅಗಿಯುವಷ್ಟು ಹೊತ್ತು

ಬೆಳಗಾಗುವಷ್ಟರಲ್ಲಿ ಎಂಟು ವರ್ಷದ ಅಯ್ಯಮ್ಮ ತೀರಿಕೊಂಡಿದ್ದಳು. ವಾಂತಿಯೋ ವಾಂತಿ. ರಾತ್ರಿ ತಿಂದದ್ದು, ಮುರಿದರೆ ಹಾಲು ಒಸರುವ ಹಾಲಣಬೆಯ ಪಲ್ಯ. ಅಣಬೆ ಕೊಟ್ಟವಳು ಪಕ್ಕದ ಮನೆಯ ಮೌಲಾಬಿ. ನಿಜಾಮನನ್ನು ಇಳಿಸಿದ ಪೋಲೀಸ್ ಆಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ; ಹಿಂದೂ-ಮುಸಲ್ಮಾನರ ನಡುವಿನ ಹಗೆ ಆರಿರಲಿಲ್ಲ. ನಮ್ಮ ಠಾಣೆಯ ಬಳಿಚಕ್ರ ಊರಿನ ಜನಕ್ಕೆ ಇಷ್ಟೇ ಸಾಕಾಯಿತು.

"ಇಕಿನೇ ಇಷಾ ಹಾಕ್ಯಾಳ್ರಿ!" ಎಂದು ಕೂಗಿದ ಹುಡುಗಿಯ ಅಪ್ಪ ಗುರಪ್ಪ. ರಾತ್ರಿ ಕುರಿಹಟ್ಟಿಯಲ್ಲಿದ್ದವನು ಬೆಳಿಗ್ಗೆಯಷ್ಟೇ ಮನೆ ಸೇರಿದ್ದ.

ಯಾದಗಿರಿಯಿಂದ ಬಂದ ಪೋಲೀಸ್ ಅಮೀನ ಬಸವಂತರಾಯರು ಮೌಲಾಬಿಯನ್ನು ಕೇಳಿದರು. ನಾನು ಅವರ ಜವಾನ, ಪಕ್ಕದಲ್ಲೇ ನಿಂತಿದ್ದೆ.

"ನೀನೇ ಕೊಟ್ಟಿಯೇನು?"

"ಹೌದ್ರಿ. ತಪ್ಪು ನಂದೇ. ನನ್ನ ಒಯ್ಯರಿ."

ಅಲ್ಲ, ಇಷ್ಟು ಸಲೀಸಾಗಿ ಯಾರಾದರೂ ಕೊಲೆ ಒಪ್ಪಿಕೊಳ್ಳುತ್ತಾರೆಯೇ? ಆದರೂ ನಾನು ಬೇಡಿ ತೆಗೆದೆ. ಅಮೀನರು ತಡೆದರು.

"ನಿಮ್ಮ ಮನ್ಯಾಗೂ ಅದೇ ಅಣಬಿ ತಿಂದ್ರೇನು?"

"ತಿಂದೇವ್ರಿ."

"ಯಾರಿಗೂ ಏನೂ ಆಗಿಲ್ಲ?"

"ಇಲ್ರಿ."

ಅಮೀನರು ಗುರಪ್ಪನ ಅಡಿಗೆಮನೆಗೆ ನಡೆದರು. ಈಳಿಗೆಮಣೆಯ ಮೇಲೆ ಹಳದಿ ಹನಿಗಳು ಒಣಗಿದ್ದವು.

"ಅರಿಶಿಣರಿ," ಎಂದಳು ತಾಯಿ ದುರಗಮ್ಮ. "ಅಣಬಿ ಒಡದು ನೋಡತೀವಿ. ಹಾಲು ಬೆಳ್ಳಗಿದ್ರ ಅರಿಶಿಣದ ನೀರಾಗ ತೊಳೀತೀವಿ. ಮೌಲಾಬಿನೇ ಕಲಿಸಿದ್ದು."

ಅಮೀನರು ನನ್ನ ಎಲೆಅಡಿಕೆಯ ಚಂಚಿಯಿಂದ ಸುಣ್ಣ ತೆಗೆದರು. ಮಣೆಯ ಅಂಚಿನ ಅರಿಶಿಣದ ಕಲೆಗೆ ಹಚ್ಚಿದರು—ಕೆಂಪಾಯಿತು. ಯಾರಿಗೆ ಗೊತ್ತಿಲ್ಲ ಅದು? ಆದರೆ ಹನಿಗಳು ಸುಣ್ಣ ತಾಗಿದರೂ ಹಳದಿಯಾಗಿಯೇ ಉಳಿದವು! ಅರಿಶಿಣವಲ್ಲ ಅವು. ಮೌಲಾಬಿಯ ಬುಟ್ಟಿ ತರಿಸಿ ನೋಡಿದರು. ಅದರಲ್ಲಿ ಒಣಗಿದ್ದ ಹಾಲು ಬೆಳ್ಳಗೇ ಇತ್ತು.

"ಮೌಲಾಬಿ ಕೊಟ್ಟದ್ದು ಸಾಲಲಿಲ್ಲೇನವ್ವಾ?"

"ಇಲ್ರಿ. ಕೂಸಿಗೆ ಭಾಳ ಆಸಿ. ಕೆರಿ ದಂಡಿಗೆ ಗಿಡದ ಬುಡದಾಗ ಅಂಥವೇ ಇದ್ದವು, ನಾಕು ಕಿತ್ತು ತಂದೆ. ಒಡದು ನೋಡೇ ಹಾಕೀನ್ರಿ, ಬೆಳ್ಳಗೇ ಇತ್ತು!"

ಅಮೀನರು ನನ್ನನ್ನು ಕೆರೆಗೆ ಓಡಿಸಿ ಒಂದು ತರಿಸಿದರು. ಮೌಲಾಬಿಯ ಬುಟ್ಟಿಯಲ್ಲಿ ಉಳಿದಿದ್ದ ಒಂದನ್ನೂ ತೆಗೆದುಕೊಂಡರು. ಒಂದೇ ತಾಯಿಯ ಮಕ್ಕಳಂತಿದ್ದವು. ಎರಡನ್ನೂ ಒಡೆದರು—ಎರಡರ ಹಾಲೂ ಬಿಳಿ. ಅಮೀನರು ಎಲೆ ಹಾಕಿಕೊಂಡು ಅಗಿಯುತ್ತ ನಿಂತರು. ಎಲೆ ಮುಗಿಯುವ ಮೊದಲೇ ಕೆರೆಯ ಅಣಬೆಯ ಹಾಲು ಹಳದಿಗೆ ತಿರುಗಿತು.

"ಸಾಕು ಬಿಡ್ರಿ ಸಾಹೇಬ್ರ!" ಮೌಲಾಬಿ ಚೀರಿದಳು. "ನಂದೇ ಅಂತ ಬರ್ಕೊಳ್ರಿ!"

ಅಮೀನರು ಅವಳನ್ನು ಅಂಗಳದಾಚೆ ಕರೆದೊಯ್ದರು.

"ಆ ಹನಿ ನೀನೂ ನೋಡಿದ್ದಿ?"

"ಮುಂಜಾನೆ ನೀರು ತರಾಕ ಅವರ ಅಡಗಿಮನಿಗೆ ಹೋದಾಗ ನೋಡಿದ್ನಿರಿ. ಒಡದ ಮ್ಯಾಲ ಎಲಿ ಅಗಿಯೂ ತನಕ ತಡೀಬೇಕು ಅಂತ ದುರಗಮ್ಮಗ ಹೇಳಿದ್ದೆ, ಮರ್ತಾಳ. ಮಗಳನ್ನ ಕಳಕೊಂಡಾಕಿ... ಇದೂ ಗೊತ್ತಾದ್ರ ಹ್ಯಾಂಗ ಬದುಕತಾಳ್ರಿ?"

ಆದರೂ ಅಮೀನರು ಹೇಳಿದರು. ಹೇಳದಿದ್ದರೆ ಊರು ಮೌಲಾಬಿಯನ್ನು ಉಳಿಸುತ್ತಿರಲಿಲ್ಲ.

"ಗುರಪ್ಪಾ, ಇಷಾ ಯಾರೂ ಹಾಕಿಲ್ಲ. ಕೆರಿ ದಂಡಿ ಅಣಬಿಯೊಳಗೇ ಇಷಾ ಇತ್ತು. ಹಾಲು ಬಣ್ಣ ತಿರುಗೂ ಮೊದಲ ಅಣಬಿ ಅರಿಶಿಣದ ನೀರಿಗೆ ಬಿತ್ತು. ಅದಕ್ಕ ತಿಳೀಲಿಲ್ಲ. ಕಿತ್ತು ತಂದಾಕಿ ನಿನ್ನ ಹೆಂಡ್ತಿ."

ನನಗೆ ಅಮೀನರ ಮೇಲೆ ಕೆಟ್ಟ ಸಿಟ್ಟು ಬಂತು. ಕಣ್ಣೂ ತುಂಬಿತು.

ಗುರಪ್ಪ ಹೆಂಡತಿಯ ಕಡೆ ತಿರುಗಿದ. "ಮತ್ತ ನೀ? ನೀನೂ ಉಂಡಿಲ್ಲೇನು?"

"ಇಲ್ಲ," ಎಂದಳು ದುರಗಮ್ಮ. "ಇನ್ನಷ್ಟು ಹಾಕವ್ವಾ ಅಂದ್ಲು. ನನ್ನ ಪಾಲಿಂದೂ ಆಕಿ ತಾಟಿಗೇ ಹಾಕಿದೆ."