ಗೋಡೆಗೆ ಇಟ್ಟ ಚುಕ್ಕಿ

ಬಹಳ ಬಹಳ ಹಿಂದೆ, ಬಣ್ಣ ಬಳಿಯದ ಗೋಡೆಯೇ ಇಲ್ಲದ ವರ್ಣಗಿರಿ ರಾಜ್ಯದಲ್ಲಿ ಬಸವಂತ ಎಂಬ ಚಿತ್ರಗಾರನಿದ್ದ. ಅವನು ಬರೆದ ದೀಪ ಕಂಡರೆ ಮುದುಕಿಯರು ಕೈಮುಗಿದು, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅಂಥ ಕೈಚಳಕ!

ಅವನಿಗೆ ಒಬ್ಬಳೇ ಮಗಳು, ತುಂಗವ್ವ. ದಿನಾ ಬೆಳಗಾದರೆ ಅಂಗಳ ಸಾರಿಸಿ, ಬಗ್ಗಿ ಕೂತು ಚುಕ್ಕಿ ಇಡುವುದೇ ಅವಳ ಹುಚ್ಚು. ಚುಕ್ಕಿಗೂ ಚುಕ್ಕಿಗೂ ನಡುವೆ ಒಂದೇ ಅಳತೆ ಇರಬೇಕು, ಕೂದಲೆಳೆ ಹೆಚ್ಚುಕಮ್ಮಿ ಆಗಬಾರದು ಅಂತ ಅಜ್ಜಿ ಹೇಳಿಕೊಟ್ಟಿದ್ದಳು. ಅಪ್ಪ ಮಾತ್ರ ನಗುತ್ತಿದ್ದ.

"ಎಣಿಸಿ ಎಣಿಸಿ ಎಳೆಯೋದೂ ಒಂದು ಚಿತ್ರವೇನೇ? ಚಿತ್ರ ಮನಸ್ಸಿನಿಂದ ಬರಬೇಕು, ಲೆಕ್ಕದಿಂದಲ್ಲ."

ತುಂಗವ್ವ ಮತ್ತೆ ಚುಕ್ಕಿ ಇಡಲು ಬಗ್ಗುತ್ತಿದ್ದಳು. ಆದರೆ ಆ ಮಾತು ಅವಳಿಗೆ ನೋಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ರಾಜ್ಯದ ಅಂಚಿನ ಕೋಟೆಯಲ್ಲಿ ಕರಾಳಾಕ್ಷ ಎಂಬ ಮಾಂತ್ರಿಕನಿದ್ದ. ಒಂದು ದಿನ ಬೆಳಿಗ್ಗೆ ಬಸವಂತನನ್ನು ಹಿಡಿದು ತರಿಸಿ, "ನನ್ನ ಚಿತ್ರ ಬರೆ. ಪಕ್ಕದಲ್ಲಿ ರಾಜ ನನ್ನ ಮೊಣಕಾಲಿನಷ್ಟು ಇರಬೇಕು" ಅಂದ.

"ಇದ್ದ ಹಾಗೆ ಬರೆಯೋನು ನಾನು. ನೀನು ಇರೋದೇ ಮೋಟು" ಅಂದ ಬಸವಂತ.

ಮಾಂತ್ರಿಕ ಹಿಡಿ ಬೂದಿ ಊದಿದ. ಬಸವಂತ ಒದ್ದೆ ಬಟ್ಟೆಯ ಹಾಗೆ ಹಸಿ ಗಾರೆಯ ಗೋಡೆಗೆ ಅಂಟಿಕೊಂಡು ಚಿತ್ರವಾದ. "ಗಾರೆ ಒಣಗುವವರೆಗೆ ಮಾತ್ರ ಇವನಿಗೆ ಉಸಿರು" ಎಂದು ಕರಾಳಾಕ್ಷ ಊರಿಗೆಲ್ಲ ಡಂಗುರ ಸಾರಿಸಿದ.

ತುಂಗವ್ವ ಅತ್ತುಕೊಂಡು ಕೂರಲಿಲ್ಲ. ರಂಗೋಲಿ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಕೋಟೆಗೆ ಓಡಿದಳು.

ಮೊದಲ ಬಾಗಿಲಲ್ಲಿ ಏಳು ಮಾರುದ್ದದ ಹಾವು ಹೆಡೆಯೆತ್ತಿತ್ತು. "ದಾರ ಹಿಡಿಯದೆ, ಗೂಟ ನೆಡದೆ, ಸುತ್ತಿ ಮಲಗಲು ನನಗೊಂದು ದುಂಡು ಬರೆ. ಸೊಟ್ಟಾಯಿತೋ, ನುಂಗ್ತೀನಿ!"

ತುಂಗವ್ವ ಮೊಣಕೈಯನ್ನೇ ಗೂಟದಂತೆ ನೆಲಕ್ಕೂರಿ, ಬೆರಳಲ್ಲಿ ಪುಡಿ ಬಿಡುತ್ತಾ ಅದರ ಸುತ್ತ ತಾನೇ ತಿರುಗಿದಳು. ದುಂಡು ತಟ್ಟೆಯಂತೆ ಮೂಡಿತು. ಹಾವು ಅದರೊಳಗೆ ಸುರುಳಿ ಸುತ್ತಿ ಗೊರಕೆ ಹೊಡೆಯಿತು.

ಎರಡನೆಯ ಬಾಗಿಲಿಗೆ ಬೆಟ್ಟದಂಥ ಆಮೆ ಅಡ್ಡ ಕೂತಿತ್ತು. ಅದರ ಬೆನ್ನು ಬೋಳಾಗಿತ್ತು. "ನನ್ನ ಚಿಪ್ಪಿನ ಮೇಲಿದ್ದ ಗೆರೆಯ ಮನೆಗಳನ್ನೆಲ್ಲ ಮಾಂತ್ರಿಕ ಅಳಿಸಿಬಿಟ್ಟ ಕಣವ್ವಾ. ಒಂದಿಷ್ಟೂ ಸಂದಿ ಬಿಡದೆ ತುಂಬಿಕೊಟ್ಟರೆ ಸರಿದುಕೊಳ್ತೀನಿ."

ತುಂಗವ್ವ ದುಂಡುಗಳನ್ನೇ ಜೋಡಿಸಿ ನೋಡಿದಳು. ಥತ್, ನಡುನಡುವೆ ಸಂದಿ! ಆಗ ಅಜ್ಜಿ ರಂಗೋಲಿಯಲ್ಲಿ ಬರೆಯುತ್ತಿದ್ದ ಆರೆಸಳಿನ ಹೂವು ನೆನಪಾಯಿತು. ದುಂಡಿನ ನಡುವಿನಿಂದ ಅಂಚಿಗೆ ಎಷ್ಟು ದೂರವೋ ಅಷ್ಟೇ ಅಳತೆಯ ಹೆಜ್ಜೆ ಅಂಚಿನ ಮೇಲೆ ಇಡುತ್ತಾ ಹೋದರೆ, ಆರನೆಯದು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಆ ಆರು ಚುಕ್ಕಿ ಸೇರಿಸಿದಳು. ಆರು ಮೂಲೆಯ ಮನೆಗಳು ಒಂದಕ್ಕೊಂದು ಅಂಟಿ ಕೂತವು. ಆಮೆಗೆ ಕಣ್ಣೀರೇ ಬಂತು. "ನಿನ್ನ ಕೈ ತಣ್ಣಗಿರಲಿ" ಎಂದು ಬಾಗಿಲು ಬಿಟ್ಟಿತು.

ಮೂರನೆಯದು ಆ ಗೋಡೆ. ಅಪ್ಪ ಅದರಲ್ಲಿ ಚಪ್ಪಟೆಯಾಗಿ ನಿಂತಿದ್ದ, ಕಣ್ಣು ಮಾತ್ರ ಹೊರಳುತ್ತಿತ್ತು. ಅಂಚಿನ ಗಾರೆ ಆಗಲೇ ಒಣಗಿ ಬೆಳ್ಳಗಾಗಿತ್ತು.

"ಕರಕೊಂಡು ಹೋಗು, ಬೇಡ ಅಂದವರು ಯಾರು?" ಪಕ್ಕದಲ್ಲೇ ನಿಂತಿದ್ದ ಕರಾಳಾಕ್ಷ ಗಹಗಹಿಸಿದ. "ಆದರೆ ಕಾಲಿಡಲು ಅವನಿಗೆ ಜಾಗ ಎಲ್ಲಿದೆ?"

ನಿಜವೇ. ಅಪ್ಪನ ಕಾಲ ಕೆಳಗೆ ನೆಲವೇ ಇರಲಿಲ್ಲ. ತುಂಗವ್ವ ನೆಲ ಬರೆಯಲು ಕೂತಳು. ಅಪ್ಪನ ಪಾದದಿಂದ ಗೋಡೆಯ ಬುಡದವರೆಗೆ ಚುಕ್ಕಿ ಇಟ್ಟಳು, ಒಂದೇ ಅಳತೆ, ಕೂದಲೆಳೆ ಹೆಚ್ಚುಕಮ್ಮಿ ಇಲ್ಲ. ಗೆರೆ ಎಳೆದಳು. ಅಪ್ಪ ಕಾಲಿಟ್ಟ, ಜಾರಿದ. ಅದು ನೆಲವಾಗದೆ ಏಣಿಯಂತೆ ಸೆಟೆದು ನಿಂತಿತ್ತು!

"ಅಪ್ಪಾ!" ಎಂದು ಚೀರಿದಳು. ಗಾರೆ ಅವನ ಭುಜದವರೆಗೆ ಒಣಗುತ್ತಾ ಬಂದಿತ್ತು. ಏನೂ ತೋಚದೆ ತಾನು ಬಂದ ಅಂಗಳದ ಕಡೆ ತಿರುಗಿ ನೋಡಿದಳು. ಚೌಕ ಚಪ್ಪಡಿಗಳ ಅಂಗಳ. ನಡೆದು ಬರುವಾಗ ಚಪ್ಪಡಿಗಳೆಲ್ಲ ಒಂದೇ ಅಳತೆ ಇದ್ದವು. ಈಗ ನೋಡಿದರೆ ಹತ್ತಿರದವು ಅಗಲ, ಬಾಗಿಲ ಬಳಿಯವು ಕಿರಿದು, ಒತ್ತೊತ್ತು.

"ಅಯ್ಯೋ ನನ್ನ ಬುದ್ಧಿಗೆ!" ಎಂದು ಹಣೆ ಚಚ್ಚಿಕೊಂಡಳು. ದಿನಾ ರಂಗೋಲಿಯ ಮೇಲೆ ಬಗ್ಗಿಯೇ ಕೂತವಳು, ಒಂದು ದಿನವೂ ಅದನ್ನು ದೂರ ನಿಂತು ನೋಡಿರಲಿಲ್ಲ.

ಎಲ್ಲ ಅಳಿಸಿದಳು. ತನ್ನ ಕಾಲ ಬಳಿ ಅಗಲವಾಗಿ ಚುಕ್ಕಿ ಇಟ್ಟಳು, ಮೇಲಕ್ಕೆ ಹೋದಂತೆ ಹತ್ತಿರ ಹತ್ತಿರ ಇಟ್ಟಳು. ಉದ್ದ ಗೆರೆಗಳನ್ನೆಲ್ಲ ಅಪ್ಪನ ಹಿಂದಿನ ಒಂದೇ ಒಂದು ಚುಕ್ಕಿಯ ಕಡೆಗೆ ಓರೆಯಾಗಿ ಎಳೆದಳು. ಗೋಡೆ ಒಳಗೊಳಗೇ ಆಳವಾಗಿ ಅಂಗಳವಾಯಿತು. ಅಪ್ಪ ಹೆಜ್ಜೆ ಇಟ್ಟ. ನೆಲ ಹಿಡಿಯಿತು! ಹೆಜ್ಜೆಹೆಜ್ಜೆಗೂ ದೊಡ್ಡವನಾಗುತ್ತಾ ಬಂದ.

ಅವನನ್ನು ಹಿಂದಕ್ಕೆ ಎಳೆಯಲೆಂದು ಕರಾಳಾಕ್ಷ ಗೋಡೆಯೊಳಗೆ ಹಾರಿದ. ತುಂಗವ್ವ ಅಪ್ಪನ ಕೈ ಹಿಡಿದು ಹೊರಗೆ ಜಗ್ಗಿ, ಮುಂದಿನ ಸಾಲು ಚುಕ್ಕಿಗಳನ್ನು ಸೆರಗಿನಿಂದ ಒರೆಸಿಬಿಟ್ಟಳು. ಮಾಂತ್ರಿಕನಿಗೆ ದಾರಿ ಇಲ್ಲವಾಯಿತು. ಗಾರೆ ಒಣಗಿತು. ಅವನು ಇದ್ದಷ್ಟೇ ಮೋಟಾಗಿ ಗೋಡೆಯಲ್ಲಿ ಉಳಿದ.

ಅವನ ಮಂತ್ರಗಳೆಲ್ಲ ಬಿಟ್ಟುಹೋದವು. ಹಾವು ಹುತ್ತಕ್ಕೆ, ಆಮೆ ಹೊಳೆಗೆ ಹೋದವು. ರಾಜ ಅಪ್ಪ-ಮಗಳನ್ನು ಕರೆಸಿ ಅರಮನೆಯ ದೊಡ್ಡ ಗೋಡೆಯನ್ನೇ ಬಿಟ್ಟುಕೊಟ್ಟ.

ಹಸಿ ಗಾರೆಯ ಮುಂದೆ ಬಸವಂತ ಕುಂಚ ಎತ್ತಿದ. ಮತ್ತೆ ಕೆಳಗಿಟ್ಟ.

"ಯಾಕಪ್ಪಾ?" ಅಂದಳು ತುಂಗವ್ವ.

"ಮೊದಲು ನೀನು ಚುಕ್ಕಿ ಇಡು ಮಗಳೇ. ನಾನು ಬರೆದವರೆಲ್ಲ ಇಷ್ಟು ವರ್ಷ ಕಾಲಿಡಲು ಜಾಗವಿಲ್ಲದೆ ನಿಂತಿದ್ದರು."

ಅವಳು ಇಟ್ಟಳು, ಅವನು ಬಣ್ಣ ತುಂಬಿದ. ವರ್ಣಗಿರಿಯ ಜನ ಅಂದಿನಿಂದ ನಗುನಗುತ್ತಾ ಬಾಳಿದರು, ಗೋಡೆಗಳಲ್ಲಿದ್ದವರೂ ಕಾಲು ಚಾಚಿ ಸುಖವಾಗಿದ್ದರು.