ನಲವತ್ತೊಂದಾದ ಮೇಲೆ ಹದಿನೇಳು

"ಮೇಡಂ, ಸ್ವಲ್ಪ ಪಕ್ಕಕ್ಕೆ ಸರೀರಿ! ಫ್ರೇಮಿಗೆ ಅಡ್ಡ ಬರ್ತಿದ್ದೀರಿ!"

ಅವಳು ಸರಿಯಲಿಲ್ಲ. ನೇರವಾಗಿ ಕ್ಯಾಮೆರಾದ ಮುಂದಕ್ಕೇ ಬಂದಳು.

"ಮೊದಲು ಆ ಕಲ್ಲು ಎಲ್ಲಿತ್ತೋ ಅಲ್ಲೇ ನಿಲ್ಸಿ!"

ಫೋಟೊಗ್ರಾಫರ್ ಕಕ್ಕಾಬಿಕ್ಕಿಯಾದ. ರೈಲು ನಿಂತು ಇಪ್ಪತ್ತು ವರ್ಷವಾದ ಹಳಿ, ಎರಡೂ ಕಡೆ ಕಡಿದ ಬಂಡೆ, ಎಳೆಬಿಸಿಲು... ಎಲ್ಲ ಹೇಳಿ ಮಾಡಿಸಿದಂತಿತ್ತು. ಮುಂದೆ ನಿಂತಿದ್ದ ಒಂದು ಮೋಟುಗಲ್ಲು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಬುಡ ಅಲ್ಲಾಡುತ್ತಿದ್ದುದರಿಂದ ಎತ್ತಿ ಪೊದೆಯ ಹಿಂದೆ ಇಟ್ಟಿದ್ದ. ಚಿತ್ರ ಚೊಕ್ಕಟವಾಗಿರಲೆಂದು ಅಡ್ಡ ಬಂದದ್ದನ್ನು ಸರಿಸುವುದು ಅವನ ಕಸುಬಿನ ಅಭ್ಯಾಸ.

"ಬರೀ ಮೈಲಿಗಲ್ಲು ಮೇಡಂ. ನಲವತ್ತೊಂದು ಅಂತ ಕೆತ್ತಿದೆ."

"ಅದು ಮೈಲಿ ಅಲ್ಲ. ನಮ್ಮ ಮುತ್ತಜ್ಜ!"

ಅವನು ಕ್ಯಾಮೆರಾ ಕೆಳಗಿಳಿಸಿದ.

ಅವಳು ರೈಲ್ವೆ ಕಚೇರಿಯ ದಾಖಲೆ ಕೋಣೆಯವಳು. ಹಳೇ ಪುಸ್ತಕಗಳ ಧೂಳು ಕೊಡವಿ, ಹರಿದ ಹಾಳೆಗೆ ಅಂಟು ಹಚ್ಚುವುದು ಕೆಲಸ. ಬಿಳಿಯರ ಕಂಪನಿ ಇಲ್ಲಿ ಬಂಡೆ ಸಿಡಿಸಿ ಹಳಿ ಹಾಕಿದಾಗ ಕೂಲಿಗಳ ಹೆಸರು ಬರೆದುಕೊಳ್ಳುವ ಗೋಜಿಗೇ ಹೋಗಿರಲಿಲ್ಲ. ಕೊರಳಿಗೊಂದು ನಂಬರಿನ ಬಿಲ್ಲೆ ಕಟ್ಟಿತ್ತು, ಅಷ್ಟೇ. ಮುತ್ತಜ್ಜನ ನಂಬರು ಅವಳ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹಾಜರಿ ಪುಸ್ತಕದಲ್ಲಿ ಅವನ ಬಗ್ಗೆ ಒಂದೇ ಸಾಲು: 'ನಲವತ್ತೊಂದು, ಬಂಡೆ ಬಿದ್ದು ಸತ್ತ.' ಜೊತೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಅವನು ಸತ್ತಲ್ಲೇ ಕಲ್ಲು ನೆಟ್ಟು, ಬಿಲ್ಲೆ ನೋಡಿಕೊಂಡು ಅಂಕಿ ಕೆತ್ತಿದ್ದರು. ಅಂಥ ಕಲ್ಲುಗಳು ಹಳಿಯುದ್ದಕ್ಕೂ ಇದ್ದವು. ಈ ದಾರಿಯ ಕೊನೆಯ ಗ್ಯಾಂಗ್‌ಮನ್ ಆಗಿದ್ದ ಅವಳ ಅಪ್ಪ ವರ್ಷಕ್ಕೊಮ್ಮೆ ಎಲ್ಲಕ್ಕೂ ಸುಣ್ಣ ಬಳಿಯುತ್ತಿದ್ದರು.

ಈಗ ಕಚೇರಿಯವರು ಹಳಿ ಕಿತ್ತು ವಾಕಿಂಗ್ ದಾರಿ ಮಾಡುವವರಿದ್ದರು. ಅದರ ಫೋಟೊ ತೆಗೆಯಲೆಂದೇ ಅವನನ್ನು ಗೊತ್ತುಮಾಡಿದ್ದರು. "ಮೈಲಿಗಲ್ಲು ತಾನೇ? ಒಡೆದು ಜಲ್ಲಿ ಮಾಡಿದ್ರಾಯ್ತು," ಎಂದಿದ್ದರು ಎಂಜಿನಿಯರ್. ಹಾಜರಿ ಪುಸ್ತಕ ತೋರಿಸಿದರೂ, "ನಂಬರ್ ಯಾವುದಕ್ಕೆ ಬೇಕಾದ್ರೂ ಇರುತ್ತಮ್ಮಾ," ಎಂದು ತಳ್ಳಿಹಾಕಿದ್ದರು.

ಫೋಟೊಗ್ರಾಫರ್ ಕಲ್ಲನ್ನು ಎತ್ತಿ ತಂದು, ಮೊಣಕಾಲೂರಿ ಕೂತು, ಮಣ್ಣು ಒತ್ತಿ ನಿಲ್ಲಿಸಿದ.

"ತಪ್ಪಾಯ್ತು ಅಜ್ಜ," ಎಂದ. ಅವಳಿಗಲ್ಲ, ಕಲ್ಲಿಗೆ!

ಅವಳ ಸಿಟ್ಟು ಅರ್ಧಕ್ಕರ್ಧ ಇಳಿದದ್ದು ಆಗಲೇ.

ಆಮೇಲೆ ಎರಡು ತಿಂಗಳು, ಭಾನುವಾರ ಬಂತೆಂದರೆ ಇಬ್ಬರೂ ಹಳಿಯ ಮೇಲೆ. ಅವನು ಒಂದೊಂದೇ ಕಲ್ಲಿನ ಫೋಟೊ ತೆಗೆಯುತ್ತಿದ್ದ, ಅವಳು ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದಳು.

"ಏನೇ, ಕಲ್ಲು ನೋಡೋಕೆ ಹೋಗೋವ್ಳು ಕನ್ನಡೀನ ಯಾಕೆ ಇಷ್ಟು ಹೊತ್ತು ನೋಡ್ತೀಯ?" ಎಂದು ಅಪ್ಪ ಕಾಲೆಳೆದರು. ಅವಳ ಮುಖ ಕೆಂಪಾಯಿತು.

ಹೀಗಿರುವಾಗ ಒಂದು ಸೋಮವಾರ ಕಚೇರಿಯ ಹಜಾರದಲ್ಲಿ ಹೊಸ ದಾರಿಯ ದೊಡ್ಡ ಫಲಕ ನಿಂತಿತು. ಅವನೇ ತೆಗೆದ ಫೋಟೊ. ಅದೇ ಬಂಡೆ, ಅದೇ ಬಿಸಿಲು.

ಕಲ್ಲು ಮಾತ್ರ ಇರಲಿಲ್ಲ!

"ನೋಡಮ್ಮಾ, ಎಷ್ಟು ಕ್ಲೀನಾಗಿದೆ!" ಎಂದರು ಎಂಜಿನಿಯರ್.

'ಮತ್ತೆ ಸರಿಸಿಬಿಟ್ಟ. ನನ್ನೆದುರು ಅಜ್ಜ ಅಂದ, ಬೆನ್ನ ಹಿಂದೆ ಕಸದ ಹಾಗೆ ಎತ್ತಿಟ್ಟ...' ಅವಳು ಬಿರಬಿರನೆ ಹೊರಟುಹೋದಳು. ಒಂಬತ್ತು ದಿನ ಅವನ ಫೋನ್ ಎತ್ತಲಿಲ್ಲ. ಭಾನುವಾರ ಹಳಿಯ ಕಡೆ ಸುಳಿಯಲೂ ಇಲ್ಲ.

ಹತ್ತನೆಯ ದಿನ ಅವನು ದಾಖಲೆ ಕೋಣೆಗೇ ಬಂದ. ಕೈಯಲ್ಲಿ ಫೋಟೊಗಳ ಕಟ್ಟು.

"ಅದು ಮೊದಲ ದಿನದ್ದು. ನೀವು ಬರೋ ಮುಂಚೆ ಒಂದು ಕ್ಲಿಕ್ ಮಾಡಿದ್ದೆ. ಆ ದಿನದ್ದೆಲ್ಲ ಕಚೇರಿಗೆ ಕಳಿಸುವಾಗ ಅದನ್ನ ತೆಗೆಯೋದು ಮರೆತೆ. ತಪ್ಪು ನಂದೇ."

ಅವನು ಉದ್ದ ಮೇಜಿನ ಮೇಲೆ ಫೋಟೊಗಳನ್ನು ಜೋಡಿಸತೊಡಗಿದ.

"ಸ್ಟೇಷನ್ನಿಂದ ಸುರಂಗದ ತನಕ ಕಲ್ಲುಗಳು ಹೇಗಿವೆಯೋ ಹಾಗೇ ಇಟ್ಟಿದೀನಿ. ಒಂದ್ಸಲ ಓದಿ, ಪ್ಲೀಸ್."

"ಇಪ್ಪತ್ತಾರು... ಐದು... ನಲವತ್ತೊಂದು... ಹದಿನೇಳು..."

"ಮೈಲಿಗಲ್ಲಾದ್ರೆ ನಲವತ್ತೊಂದಾದ ಮೇಲೆ ಹದಿನೇಳು ಬರುತ್ತಾ?"

ಅಯ್ಯೋ! ಹುಟ್ಟಿದಾಗಿನಿಂದ ಆ ಕಲ್ಲುಗಳ ನಡುವೆ ಓಡಾಡಿದವಳು. ಇದು ಹೊಳೆದೇ ಇರಲಿಲ್ಲವಲ್ಲ! ಅವಳು ಹಾಜರಿ ಪುಸ್ತಕ ತೆರೆದಳು. ಇಪ್ಪತ್ತಾರು, ಸತ್ತ. ಐದು, ಸತ್ತ. ಹದಿನೇಳು, ಸತ್ತ. ಮೇಜಿನ ಮೇಲಿದ್ದ ಒಂದೊಂದು ಅಂಕಿಯೂ ಪುಸ್ತಕದಲ್ಲಿ ಸತ್ತಿತ್ತು.

ಇಬ್ಬರೂ ಹೋಗಿ ಎಂಜಿನಿಯರನ್ನು ಕರೆತಂದರು. ಅವರು ಮೇಜಿನುದ್ದಕ್ಕೂ ಎರಡು ಸಲ ನಡೆದು, ಕನ್ನಡಕ ತೆಗೆದು ಒರೆಸಿಕೊಂಡರು.

"ಕಲ್ಲು ಮುಟ್ಟೋದು ಬೇಡ. ದಾರೀನೇ ಪಕ್ಕಕ್ಕೆ ಸರಿಸೋಣ," ಎಂದು ನಕ್ಷೆಯ ಮೇಲೆ ಗೀಟು ಎಳೆದರು.

ಮುಂದಿನ ಭಾನುವಾರ ಇಬ್ಬರೂ ಮತ್ತೆ ಆ ಕಲ್ಲಿನ ಹತ್ತಿರ. ಅವಳು ಹಿಂದಿನ ರಾತ್ರಿಯಿಂದ ಅದುಮಿಟ್ಟುಕೊಂಡಿದ್ದನ್ನು ಹೇಳಿಯೇಬಿಟ್ಟಳು.

"ಒಂಬತ್ತು ದಿನ ಸಿಟ್ಟಲ್ಲಿದ್ದೆ. ಒಂಬತ್ತು ದಿನಾನೂ ನಿಮ್ಮನ್ನೇ ನೆನೆಸ್ಕೊಂಡೆ. ಸಿಟ್ಟು ಬರಿಸಿದವರನ್ನ ಯಾರಾದ್ರೂ ಹೀಗೆ ನೆನೀತಾರಾ?"

ಅವನು ಕ್ಯಾಮೆರಾದಿಂದ ತಲೆ ಎತ್ತಿದ.

"ನನ್ನ ಕೆಲಸವೇ ಜನ ಫ್ರೇಮಿಂದ ಆಚೆ ಹೋಗ್ಲಿ ಅಂತ ಕಾಯೋದು. ಹೋದ ಭಾನುವಾರ ಮೊದಲ ಸಲ, ಒಬ್ಬರು ಬರ್ಲಿ ಅಂತ ಕಾದೆ. ನೀವು ಅಂದ್ರೆ ನಂಗೆ ತುಂಬಾ ಇಷ್ಟ."

ಅವಳ ಕಣ್ಣು ತುಂಬಿತು. ಅವನು ಕ್ಯಾಮೆರಾಕ್ಕೆ ಕಣ್ಣಿಟ್ಟಾಗ, ರೂಢಿಯಂತೆ ಪಕ್ಕಕ್ಕೆ ಹೆಜ್ಜೆ ಇಟ್ಟಳು.

"ಸರೀಬೇಡಿ. ಅಜ್ಜನ ಪಕ್ಕದಲ್ಲೇ ಇರಿ."

"ಎಷ್ಟು ಹೊತ್ತು?"

"ನಿಮ್ಮಪ್ಪನ್ನ ಕೇಳ್ಕೊಂಡು ಹೇಳ್ಲಾ?"